ಫೈನಲ್ ಫ್ಯಾಂಟಸಿ 6 ಮತ್ತೆ ಆಡಬೇಕೆ? ಮೊದಲು ಆವೃತ್ತಿಯನ್ನು ಆರಿಸಿಕೊಳ್ಳಿ

‘ಫೈನಲ್ ಫ್ಯಾಂಟಸಿ 6 ಇನ್ನೊಮ್ಮೆ ಆಡಬೇಕೆನ್ನಿಸಿದೆ. ಯಾವುದನ್ನು ತೆಗೆದುಕೊಳ್ಳಲಿ ಸರ್?’ ಹುಬ್ಬಳ್ಳಿ, ಧಾರವಾಡ, ಗದಗ, ರಾಣೆಬೆನ್ನೂರಿನ ಓದುಗರು ಈ ಪ್ರಶ್ನೆಯನ್ನು ಕೇಳುತ್ತಲೇ ಇರುತ್ತಾರೆ. ಕೇಳುವವರು ಬಹುಮಟ್ಟಿಗೆ ಒಂದೇ ಓರಗೆಯವರು. ವಿದ್ಯಾನಗರದ ಹಾಸ್ಟೆಲಿನಲ್ಲೋ ಸಪ್ತಾಪುರದ ಬಾಡಿಗೆ ಕೋಣೆಯಲ್ಲೋ ಯಾರದೋ ಕಂಪ್ಯೂಟರಿನಲ್ಲಿ ಅರ್ಧ ಆಡಿ, ಪರೀಕ್ಷೆ ಬಂತೆಂದು ಬಿಟ್ಟವರು. ಆಗ ಸಮಯವಿತ್ತು, ದುಡ್ಡಿರಲಿಲ್ಲ. ಈಗ ಅದು ತಿರುವುಮುರುವಾಗಿದೆ. ಮೂವತ್ತೈದು–ನಲವತ್ತು ಗಂಟೆ ಬೇಡುವ, 1994ರ ಜಪಾನಿ ವಿಡಿಯೊ ಆಟವಿದು. ತಪ್ಪು ಆವೃತ್ತಿ ಹಿಡಿದರೆ ಹತ್ತನೆಯ ಗಂಟೆಗೆ ಬೇಸರ ಬಂದು, ‘ಚಿಕ್ಕಂದಿನಲ್ಲಿ ಚೆನ್ನಾಗಿತ್ತು, ಈಗ ಹಿಡಿಸಲಿಲ್ಲ’ ಎಂದು ಆಟದ ಮೇಲೇ ಗೂಬೆ ಕೂರಿಸುತ್ತೀರಿ.

ಕೆಳಗಿನ ಹಂತಗಳನ್ನು ಅನುಕ್ರಮವಾಗಿ ಓದಿ. ಅವಸರವಿದ್ದವರಿಗೆ ನನ್ನ ಉತ್ತರ: ಹತ್ತರಲ್ಲಿ ಎಂಟು ಮಂದಿಗೆ ಕಂಪ್ಯೂಟರಿನ ಪಿಕ್ಸೆಲ್ ರಿಮಾಸ್ಟರ್ (2022ರಲ್ಲಿ ಹೊಸದಾಗಿ ತಿದ್ದಿದ ಆವೃತ್ತಿ) ಸಾಕು. ಉಳಿದ ಇಬ್ಬರು ಯಾರು, ಅವರಿಗೆ ಏನು ಬೇಕು ಎಂಬುದೇ ಈ ಲೇಖನದ ಹೆಚ್ಚಿನ ಭಾಗ.

ಶುರುವಿಗೆ ಮುನ್ನ ನಾಲ್ಕು ಪದ

ಒಂದು ಯಂತ್ರಕ್ಕೆಂದು ಮಾಡಿದ ಆಟವನ್ನು ಹೆಚ್ಚು ಬದಲಿಸದೆ ಇನ್ನೊಂದು ಯಂತ್ರದಲ್ಲಿ ಓಡುವಂತೆ ಮಾಡುವುದು ಪೋರ್ಟ್. ಅದೇ ಆಟದ ಚಿತ್ರ, ಸಂಗೀತ, ಪರದೆಯ ವಿನ್ಯಾಸಗಳನ್ನು ಹೊಸದಾಗಿ ತಿದ್ದಿದ್ದು ರಿಮಾಸ್ಟರ್. ಬುಡದಿಂದ ಮತ್ತೆ ಕಟ್ಟಿದ್ದು ರಿಮೇಕ್. ಹಳೆಯ ಯಂತ್ರದಂತೆ ನಟಿಸಿ ಅದರ ಆಟಗಳನ್ನು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಓಡಿಸುವ ತಂತ್ರಾಂಶ ಎಮ್ಯುಲೇಟರ್. ಆರನೆಯ ಫೈನಲ್ ಫ್ಯಾಂಟಸಿಗೆ ಪೋರ್ಟುಗಳಿವೆ, ರಿಮಾಸ್ಟರ್ ಇದೆ. ಏಳನೆಯದಕ್ಕೆ ಬಂದಂತಹ ರಿಮೇಕ್ ಇಲ್ಲ. ‘ಫೈನಲ್ ಫ್ಯಾಂಟಸಿ 6 ರಿಮೇಕ್ ಟ್ರೇಲರ್’ ಎಂದು ವಿಡಿಯೊಗಳಲ್ಲಿ ಕಾಣುವುದು ಅಭಿಮಾನಿಗಳ ಕೈಕೆಲಸ. ಅದನ್ನು ನಂಬಿ ಕಾಯುತ್ತ ಕೂರಬೇಡಿ.

ಹಂತ 1: ನಿಮ್ಮ ನೆನಪಿನಲ್ಲಿ ಉಳಿದಿರುವುದು ಏನೆಂದು ಕೇಳಿಕೊಳ್ಳಿ

ಯಂತ್ರ, ಬೆಲೆ ಎಲ್ಲ ಆಮೇಲೆ. ಕಣ್ಣುಮುಚ್ಚಿ ಆ ಆಟ ಎಂದಾಗ ಮೊದಲು ಏನು ಬರುತ್ತದೆ? ಹಿಮದಲ್ಲಿ ಮೂರು ಯಂತ್ರಕವಚಗಳು ನಾರ್ಶೆ ಎಂಬ ಗಣಿಯೂರಿನ ದೀಪಗಳತ್ತ ನಿಧಾನವಾಗಿ ನಡೆಯುವ ಆರಂಭ, ಅದರ ಹಿಂದಿನ ಸಂಗೀತ. ಖಳ ಕೆಫ್ಕಾನ ಕೀರಲು ನಗು — ಇವು ಬಂದರೆ ನಿಮಗೆ ಬೇಕಾದದ್ದು ಸದ್ದು. ಟೆರ್ರಾ, ಲಾಕ್, ಸೆಲಿಸ್ ಇವರ ಕಥೆ ಮುಂದೇನಾಯಿತು ಎಂಬುದೇ ಕಾಡುತ್ತಿದ್ದರೆ ನಿಮಗೆ ಬೇಕಾದದ್ದು ಸರಾಗವಾಗಿ ಮುಗಿಯುವ ಆವೃತ್ತಿ. ಮೂಲ ಆಟವನ್ನು ಆಗಲೇ ಅರೆದು ಕುಡಿದು, ‘ಇನ್ನೂ ಏನಾದರೂ ಇದೆಯೆ’ ಎನ್ನುವವರಾದರೆ ಹೆಚ್ಚುವರಿ ಭಾಗಗಳಿರುವ ಆವೃತ್ತಿ ಬೇಕು. ಈ ಮೂರೂ ಒಂದೇ ಕಡೆ ಸಿಗುವುದಿಲ್ಲ. ತೊಂದರೆಯೆಲ್ಲ ಇರುವುದು ಅಲ್ಲೇ.

ಯಾವುದು ‘ನಿಜವಾದ’ ಆಟ ಎಂಬ ಜಗಳಕ್ಕೆ ಹೋಗಬೇಡಿ. ಗದುಗಿನ ಭಾರತಕ್ಕೆ ಪಾಠಾಂತರಗಳಿರುವಂತೆ ಇದಕ್ಕೂ ಇವೆ. ಪ್ರತಿಯೊಂದರಲ್ಲಿ ಒಂದಿಷ್ಟು ಸೇರಿದೆ, ಒಂದಿಷ್ಟು ಬಿಟ್ಟುಹೋಗಿದೆ.

ಹಂತ 2: ಆವೃತ್ತಿಗಳನ್ನು ಗುರುತಿಸಿ

ಸೂಪರ್ ನಿಂಟೆಂಡೊ, 1994. ಟಿವಿಗೆ ಜೋಡಿಸುವ ಈ ಆಟದ ಯಂತ್ರಕ್ಕೆಂದು ಬಂದ ಮೂಲ ಇದು. ಏಪ್ರಿಲಿನಲ್ಲಿ ಜಪಾನಿನಲ್ಲಿ, ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಂತು. ಅಮೆರಿಕದಲ್ಲಿ ಇದರ ಹೆಸರು ‘ಫೈನಲ್ ಫ್ಯಾಂಟಸಿ 3’, ಏಕೆಂದರೆ ನಡುವಿನ ಮೂರು ಆಟಗಳು ಆಗ ಅಲ್ಲಿಗೆ ಹೋಗಿರಲಿಲ್ಲ. ಇವತ್ತಿಗೂ ಜನ ಎಡವುವುದು ಇಲ್ಲಿಯೇ: ಅಂಗಡಿಯಲ್ಲಿ ‘ಫೈನಲ್ ಫ್ಯಾಂಟಸಿ 3’ ಎಂದು ಕಂಡು ಕೊಂಡರೆ ಈರುಳ್ಳಿ ಸೈನಿಕನ ವೇಷದ ನಾಲ್ವರು ಮಕ್ಕಳ, 1990ರ ಬೇರೆಯೇ ಆಟ ಮನೆಗೆ ಬರುತ್ತದೆ. ಸೂಪರ್ ನಿಂಟೆಂಡೊ ಕಾರ್ಟ್ರಿಜ್ (ಯಂತ್ರಕ್ಕೆ ತೂರಿಸುವ, ಆಟ ತುಂಬಿದ ಡಬ್ಬಿ) ಅಥವಾ 2017ರ ಸೂಪರ್ ನಿಂಟೆಂಡೊ ಕ್ಲಾಸಿಕ್ ಎಂಬ ಪುಟ್ಟ ಯಂತ್ರದ ವಿಷಯದಲ್ಲಿ ಮಾತ್ರ ‘3’ ಎಂದರೆ ನಮ್ಮ 6.

ಮೂಲದ ಸದ್ದಿಗೆ ಸಾಟಿಯಿಲ್ಲ. ನೊಬುವೊ ಉಎಮಾತ್ಸು ಆ ಯಂತ್ರದ ಧ್ವನಿಚಿಪ್ಪಿಗೆಂದೇ ಬರೆದ ಸಂಗೀತ ಅದು. ಅಪೆರಾ (ಹಾಡುನಾಟಕ) ದೃಶ್ಯದಲ್ಲಿ ಮನುಷ್ಯರ ದನಿಯಿಲ್ಲ, ಚಿಪ್ಪು ಹೊರಡಿಸುವ ‘ಆ… ಆ…’ ಎಂಬ ಸ್ವರ ಮಾತ್ರ, ಕೆಳಗೆ ಸಾಹಿತ್ಯ. ಆದರೂ ಮೈ ಜುಮ್ಮೆನ್ನುತ್ತದೆ. ಟೆಡ್ ವೂಲ್ಸಿ ಮಾಡಿದ ಇಂಗ್ಲಿಷ್ ಅನುವಾದ ಜಾಗದ ಕೊರತೆಯಲ್ಲಿ ಹುಟ್ಟಿದ್ದು; ಅಲ್ಲಲ್ಲಿ ಅರ್ಥ ಮುಕ್ಕಾಗಿದೆ, ಆದರೆ ಕೆಫ್ಕಾನ ಬಾಯಿಯ ಹರಿತ ಎಲ್ಲೂ ಮೊಂಡಾಗಿಲ್ಲ.

ದೋಷಗಳೂ ಮೂಲದವೇ. ದೈಹಿಕ ಹೊಡೆತ ತಪ್ಪಿಸಿಕೊಳ್ಳುವ ಸಾಮರ್ಥ್ಯವೆಂದು ತೋರಿಸುವ ಅಂಕಿ ಕೆಲಸವನ್ನೇ ಮಾಡುವುದಿಲ್ಲ. ಮಾಯೆಯನ್ನು ತಡೆಯುವ ಅಂಕಿಯೇ ಎರಡಕ್ಕೂ ದುಡಿಯುತ್ತದೆ. ಅದೃಶ್ಯ ಮಾಡುವ ವ್ಯಾನಿಷ್ ಮಂತ್ರ ಹಾಕಿ ಮೇಲೆ ಕೊಲ್ಲುವ ಡೂಮ್ ಮಂತ್ರ ಹಾಕಿದರೆ ದೊಡ್ಡ ದೊಡ್ಡ ಶತ್ರುಗಳೂ ಒಂದೇ ಏಟಿಗೆ ಸತ್ತುಬೀಳುತ್ತಾರೆ. ಅದು ತಮಾಷೆ ಎನ್ನೋಣ. ತಮಾಷೆಯಲ್ಲದ್ದು ಆಟದ ಹುಡುಗಿ ರೆಲ್ಮ್‌ಳ ಸ್ಕೆಚ್ ಕೌಶಲ. ಅಮೆರಿಕದ ಮೊದಲ ಮುದ್ರಣದ ಕಾರ್ಟ್ರಿಜ್‌ಗಳಲ್ಲಿ ಅದು ಕೆಲವು ಸಂದರ್ಭಗಳಲ್ಲಿ ವಿಫಲವಾದರೆ ಸಾಮಗ್ರಿಗಳ ಪಟ್ಟಿ ಕಲಸುಮೇಲೋಗರವಾಗುತ್ತದೆ, ಉಳಿಸಿದ (ಸೇವ್ ಮಾಡಿದ) ಆಟವೇ ಹಾಳಾಗಬಹುದು. ನಂತರದ ಮುದ್ರಣದಲ್ಲಿ ಇದನ್ನು ಸರಿಪಡಿಸಿದರು. ನಿಮ್ಮದು ಯಾವ ಮುದ್ರಣ ಎಂದು ಗೊತ್ತಿಲ್ಲದಿದ್ದರೆ ಸ್ಕೆಚ್ ಗೊಡವೆಗೇ ಹೋಗಬೇಡಿ.

ಪ್ಲೇಸ್ಟೇಷನ್, 1999. ಆರಂಭಕ್ಕೂ ಅಂತ್ಯಕ್ಕೂ ಕಂಪ್ಯೂಟರ್ ಚಿತ್ರಿಕೆಯ ಚಲನಚಿತ್ರ ತುಣುಕುಗಳನ್ನು ಸೇರಿಸಿದರು. ಅದಕ್ಕೆ ತೆತ್ತ ಬೆಲೆ ಕಾಯುವಿಕೆ. ಮೆನು ತೆರೆದರೆ ಕಾಯಬೇಕು, ಹೋರಾಟ ಶುರುವಾದರೆ ಕಾಯಬೇಕು, ಮುಗಿದರೆ ಮತ್ತೆ ಕಾಯಬೇಕು. ಆ ತುಣುಕುಗಳನ್ನು ನೋಡುವ ಆಸೆಯಿದ್ದರೆ ವಿಡಿಯೊದಲ್ಲಿ ನೋಡಿ ಮುಗಿಸಿ. ಆಡಲು ಇದನ್ನು ಯಾರಿಗೂ ಹೇಳುವುದಿಲ್ಲ.

ಗೇಮ್‌ಬಾಯ್ ಅಡ್ವಾನ್ಸ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರ, ಜಪಾನಿನಲ್ಲಿ 2006, ಅಮೆರಿಕದಲ್ಲಿ 2007. ನಾನು ಹೇಳಿದ ಆ ಇಬ್ಬರಲ್ಲಿ ಒಬ್ಬರು ಇಲ್ಲಿಗೆ ಬರಬೇಕು. ಟಾಮ್ ಸ್ಲಾಟರಿಯ ಹೊಸ ಅನುವಾದ, ಮೇಲೆ ಹೇಳಿದ ದೋಷಗಳಿಗೆ ಪರಿಹಾರ, ಜೊತೆಗೆ ಹೊಸ ಭಾಗಗಳು: ಡ್ರ್ಯಾಗನ್ಸ್ ಡೆನ್ ಎಂಬ ದೊಡ್ಡ ಗುಹೆ, ಅದರ ಕೊನೆಗೆ ಕೈಸರ್ ಡ್ರ್ಯಾಗನ್, ಸೋಲ್ ಶ್ರೈನ್ ಎಂಬ ಕಾಳಗದ ಮಾಲಿಕೆ, ನಾಲ್ಕು ಹೊಸ ಎಸ್ಪರ್‌ಗಳು (ಎಸ್ಪರ್ ಎಂದರೆ ಮಾಯೆಯ ಮೂಲವಾದ ಜೀವಿಗಳು, ಅವುಗಳಿಂದಲೇ ನಿಮ್ಮ ಪಾತ್ರಗಳು ಮಂತ್ರ ಕಲಿಯುತ್ತವೆ). ಕೈಸರ್ ಡ್ರ್ಯಾಗನ್ನಿನ ಸಂಗತಿ ಸ್ವಾರಸ್ಯಕರ. 1994ರ ಆಟದೊಳಗೆ ಅದರ ಸಂಭಾಷಣೆ ಬಳಕೆಯಾಗದೆ ಮಲಗಿತ್ತು. ಹನ್ನೆರಡು ವರ್ಷದ ಮೇಲೆ ಅದಕ್ಕೆ ಜೀವ ಬಂತು. ಕೊರತೆ ಸದ್ದಿನದು. ಆ ಪುಟ್ಟ ಯಂತ್ರದ ಮೂಲಕ ಹಾಯ್ದ ಸಂಗೀತ ತೆಳುವಾಗಿ, ಗೊರಗೊರ ಎನ್ನುತ್ತದೆ. ಚಿತ್ರದ ಅಂಚುಗಳನ್ನೂ ಕತ್ತರಿಸಿದ್ದಾರೆ, ಏಕೆಂದರೆ ಪರದೆ 240ಕ್ಕೆ 160 ಚುಕ್ಕೆಗಳಷ್ಟೇ.

2014ರ ಮೊಬೈಲ್ ಆವೃತ್ತಿ, ಅದರ 2015ರ ಕಂಪ್ಯೂಟರ್ ಪೋರ್ಟ್. ಹೊಸ ಭಾಗಗಳೆಲ್ಲ ಇದ್ದವು, ಆದರೆ ಪಾತ್ರಗಳ ಚುಕ್ಕೆಚಿತ್ರಗಳನ್ನು ಉಜ್ಜಿ ನುಣುಪು ಮಾಡಿ ಅವುಗಳ ಮುಖದ ಕಳೆಯನ್ನೇ ಕಳೆದಿದ್ದರು. ಕಂಪ್ಯೂಟರ್ ಪೋರ್ಟನ್ನು 2021ರಲ್ಲಿ ಮಾರಾಟದಿಂದ ತೆಗೆದರು. ಆಗ ಕೊಂಡವರ ಸ್ಟೀಮ್ (ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ) ಖಾತೆಯಲ್ಲಿ ಅದು ಈಗಲೂ ಇರುತ್ತದೆ, ಒಮ್ಮೆ ನೋಡಿಕೊಳ್ಳಿ. ಹೊಸ ಭಾಗಗಳಿಗಾಗಿ ಇನ್ನೊಂದು ಯಂತ್ರ ಕೊಳ್ಳುವ ಖರ್ಚು ಉಳಿದೀತು.

ಪಿಕ್ಸೆಲ್ ರಿಮಾಸ್ಟರ್, 2022. ಫೆಬ್ರವರಿಯಲ್ಲಿ ಕಂಪ್ಯೂಟರಿಗೂ ಫೋನಿಗೂ, 2023ರ ಏಪ್ರಿಲಿನಲ್ಲಿ ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 4ಕ್ಕೂ ಬಂತು. ಚುಕ್ಕೆಚಿತ್ರಗಳು ಚುಕ್ಕೆಚಿತ್ರಗಳಾಗಿಯೇ ಉಳಿದಿವೆ, ಅಗಲ ಪರದೆಗೆ ಹೊಂದುತ್ತವೆ. ಸಂಗೀತವನ್ನು ಉಎಮಾತ್ಸು ಮೇಲ್ವಿಚಾರಣೆಯಲ್ಲಿ ಹೊಸದಾಗಿ ಸಂಯೋಜಿಸಿದ್ದಾರೆ. ಅಪೆರಾ ದೃಶ್ಯದಲ್ಲಿ ಈಗ ನಿಜವಾದ ಗಾಯಕರು, ಅದೂ ಏಳು ಭಾಷೆಗಳಲ್ಲಿ, ಹಾಡುತ್ತಾರೆ. ಒಂದು ಸಲ ಜಪಾನಿ ದನಿಯಲ್ಲಿ, ಇನ್ನೊಂದು ಸಲ ಇಟಾಲಿಯನ್ ದನಿಯಲ್ಲಿ ಕೇಳಿ. ಇಟಾಲಿಯನ್ ಅಪೆರಾದ ತವರಿನ ಭಾಷೆ, ಅದು ನನಗೆ ಹೆಚ್ಚು ಒಪ್ಪಿತು. ಕನ್ನಡವಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಗೇಮ್‌ಬಾಯ್‌ನ ಹೊಸ ಭಾಗಗಳು ಇದರಲ್ಲಿ ಇಲ್ಲ. ಇದನ್ನು ಅಂಗಡಿಯ ಪುಟ ದಪ್ಪಕ್ಷರದಲ್ಲಿ ಹೇಳುವುದಿಲ್ಲ, ಕೊಂಡ ಮೇಲೆ ಓದುಗರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಹಾಗಾಗಿ ಇನ್ನೊಮ್ಮೆ: ಡ್ರ್ಯಾಗನ್ಸ್ ಡೆನ್ ಬೇಕಿದ್ದರೆ ಪಿಕ್ಸೆಲ್ ರಿಮಾಸ್ಟರ್ ಅಲ್ಲ.

ಹಂತ 3: ಎಲ್ಲಿ, ಯಾವಾಗ ಆಡುತ್ತೀರಿ?

ದಿನವೂ ಹುಬ್ಬಳ್ಳಿ–ಧಾರವಾಡ ನಡುವೆ ಚಿಗರಿ ಬಸ್ಸಿನಲ್ಲಿ ಓಡಾಡುವವರು ಫೋನಿನ ಆವೃತ್ತಿಯತ್ತ ಕಣ್ಣು ಹಾಕುತ್ತಾರೆ. ತಪ್ಪಲ್ಲ, ಪಿಕ್ಸೆಲ್ ರಿಮಾಸ್ಟರ್ ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗೆಲ್ಲ ತಾನೇ ಆಟವನ್ನು ಉಳಿಸುತ್ತದೆ. ನವನಗರ ಬಂತೆಂದು ದಡಬಡಿಸಿ ಇಳಿದರೂ ಹೆಚ್ಚೇನೂ ಹೋಗುವುದಿಲ್ಲ. ಆದರೆ ಫೋನಿನಲ್ಲಿ ಉಳಿಸಿದ್ದು ಕಂಪ್ಯೂಟರಿಗೆ ಬರುವುದಿಲ್ಲ, ಕಂಪ್ಯೂಟರಿನದು ಫೋನಿಗೆ ಹೋಗುವುದಿಲ್ಲ. ‘ಬಸ್ಸಿನಲ್ಲಿ ಫೋನು, ಮನೆಯಲ್ಲಿ ಲ್ಯಾಪ್‌ಟಾಪು’ ಎಂಬ ಲೆಕ್ಕ ಹಾಕಿ ಎರಡಕ್ಕೂ ದುಡ್ಡು ಸುರಿಯಬೇಡಿ. ಒಂದನ್ನೇ ಆರಿಸಿ.

ಕಂಪ್ಯೂಟರ್ ಭಾರಿಯದೇ ಆಗಬೇಕಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಕಚೇರಿ ಕೆಲಸದ ಲ್ಯಾಪ್‌ಟಾಪಿನಲ್ಲೂ ಇದು ಓಡುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇದ್ದವರು ಮಳೆಗಾಲದಲ್ಲಿ ಕರೆಂಟು ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೂಲ ಆಟದಲ್ಲಿ ಉಳಿಸಲು ಸಾಧ್ಯವಾಗುವುದು ಸೇವ್ ಪಾಯಿಂಟಿನಲ್ಲಿ, ಅಂದರೆ ನೆಲದಲ್ಲಿ ಹೊಳೆಯುವ ಗುರುತಿನ ಮೇಲೆ, ಇಲ್ಲವೆ ಊರಾಚೆಯ ಬಯಲಿನಲ್ಲಿ ಮಾತ್ರ. ಗುಹೆಯ ನಡುವೆ ದೀಪ ಹೋದರೆ ಮುಕ್ಕಾಲು ಗಂಟೆಯ ಶ್ರಮ ಅದರ ಜೊತೆಗೇ ಹೋಯಿತು.

ಹಂತ 4: ಕೊಳ್ಳುವುದು

ಸ್ಟೀಮಿನಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ. ಒಂದರಿಂದ ಆರರವರೆಗಿನ ಕಟ್ಟನ್ನು ಮುಂದೆ ಒಡ್ಡುತ್ತಾರೆ. ನಿಮಗೆ ಆರನೆಯದು ಮಾತ್ರ ಬೇಕಿದ್ದರೆ ಕೆಳಗೆ ಹೋಗಿ ಬಿಡಿಯಾಗಿ ಕೊಳ್ಳಿ. ಬೇಸಿಗೆ ಮತ್ತು ವರ್ಷಾಂತ್ಯದ ರಿಯಾಯಿತಿ ಮಾರಾಟಗಳಿಗೆ ಕಾದರೆ ಇನ್ನೂ ಒಳ್ಳೆಯದು.

ಹಳೆಯ ಕಾರ್ಟ್ರಿಜ್ ಹುಡುಕುವವರಿಗೆ ಎಚ್ಚರಿಕೆ ಹೆಚ್ಚು ಬೇಕು. ಕೊಪ್ಪಿಕರ್ ರಸ್ತೆ, ದುರ್ಗದಬೈಲು ಸುತ್ತಿದರೆ ಸಿಕ್ಕೀತೆಂಬ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನವರು ಆನ್‌ಲೈನಿನಲ್ಲಿ ಬೇರೆ ಊರಿನ, ಬೇರೆ ದೇಶದ ಮಾರಾಟಗಾರರಿಂದ ತರಿಸುತ್ತಾರೆ. ಗೇಮ್‌ಬಾಯ್ ಅಡ್ವಾನ್ಸ್ ಕಾರ್ಟ್ರಿಜ್‌ಗಳಲ್ಲಿ ನಕಲಿಯ ಹಾವಳಿ ವಿಪರೀತ. ದುಡ್ಡು ಕೊಡುವ ಮೊದಲು ಹಿಂಬದಿಯ ಚಿತ್ರ ಕೇಳಿ: ಅಸಲಿಯಲ್ಲಿ ಮೂರು ರೆಕ್ಕೆಯ ಗುರುತಿನ ಸ್ಕ್ರೂ ಇರುತ್ತದೆ, ಮಾಮೂಲಿ ಪ್ಲಸ್ ಗುರುತಿನದಲ್ಲ. ಮುಂಬದಿಯ ಲೇಬಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿ ಮೂಡಿಸಿದ ಎರಡಂಕಿಯ ಸಂಖ್ಯೆ ಕಾಣಬೇಕು. ನಕಲಿಯಲ್ಲಿ ಆಟ ಶುರುವಾಗುತ್ತದೆ, ಚೆನ್ನಾಗಿಯೇ ಓಡುತ್ತದೆ. ಒಂದು ದಿನ ಉಳಿಸಿದ್ದೆಲ್ಲ ಮಾಯವಾಗಿರುತ್ತದೆ.

ಸೂಪರ್ ನಿಂಟೆಂಡೊ ಕಾರ್ಟ್ರಿಜ್ ಅಸಲಿಯೇ ಆಗಿದ್ದರೂ ಒಳಗೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಉಳಿಸಿದ ಆಟವನ್ನು ಹಿಡಿದಿಡುವುದು ಅದೇ. ಮೂವತ್ತು ವರ್ಷದ ಬ್ಯಾಟರಿ ಎಷ್ಟು ದಿನ ಬಾಳೀತು? ‘ಬ್ಯಾಟರಿ ಬದಲಿಸಲಾಗಿದೆಯೆ’ ಎಂದು ಕೇಳಿ. ಬದಲಿಸುವುದಾದರೆ ಬೆಸುಗೆ ಗೊತ್ತಿರುವ ರೇಡಿಯೊ, ಟಿವಿ ರಿಪೇರಿಯವರ ಬಳಿ ಹೋಗಿ, ಲೋಹದ ಪಟ್ಟಿ ಇರುವ ಬ್ಯಾಟರಿಯನ್ನೇ ಹಾಕಿಸಿ. ಅಮೆರಿಕದ ಯಂತ್ರದ ಅಡಾಪ್ಟರನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಚುಚ್ಚಿದರೆ ಹೊಗೆ ಬರುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಎಮ್ಯುಲೇಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ತಂತ್ರಾಂಶ ಬಳಸುವುದು ತಪ್ಪಲ್ಲ, ಕೊಳ್ಳದ ಆಟದ ಪ್ರತಿಯನ್ನು ಇಳಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಇಷ್ಟೇ.

ಹಂತ 5: ಎರಡು ಗಂಟೆಯ ಪರೀಕ್ಷೆ

ಸ್ಟೀಮಿನಲ್ಲಿ ಕೊಂಡು 14 ದಿನದೊಳಗೆ, ಆಡಿದ ಅವಧಿ 2 ಗಂಟೆ ಮೀರುವ ಮುನ್ನ ಕೇಳಿದರೆ ಹಣ ಹಿಂತಿರುಗುತ್ತದೆ. ಗೂಗಲ್ ಪ್ಲೇಯಲ್ಲಿ 48 ಗಂಟೆಯೊಳಗೆ ಕೋರಿಕೆ ಸಲ್ಲಿಸಬಹುದು. ಈ ಅವಕಾಶವನ್ನು ಬಳಸಿಕೊಳ್ಳಿ.

ನಾರ್ಶೆಯ ಗಣಿಯಲ್ಲಿ ಮೂಗಲ್ ಎಂಬ ಪುಟ್ಟ ಜೀವಿಗಳನ್ನು ಜೊತೆ ಮಾಡಿಕೊಂಡು ನಡೆಸುವ ಕಾಳಗ, ಮರಳಿನಲ್ಲಿ ಮುಳುಗುವ ಫಿಗರೋ ಕೋಟೆ ದಾಟಿ ಕೋಲ್ಟ್ಸ್ ಬೆಟ್ಟದ ತುದಿಯ ಶತ್ರು ವರ್ಗಾಸ್‌ವರೆಗೆ ಆಡಿ. ಸಂಭಾಷಣೆಯನ್ನು ಬೇಗ ದಾಟಿಸಿದರೆ ಸಮಯದೊಳಗೆ ತಲುಪಬಹುದು. ಅಲ್ಲಿ ಸೇಬಿನ್ ಬರುತ್ತಾನೆ. ಅವನ ಬ್ಲಿಟ್ಜ್ ಎಂಬ ಮಲ್ಲವಿದ್ಯೆಗೆ ದಿಕ್ಕಿನ ಗುಂಡಿಗಳನ್ನು ಸರಿಯಾದ ಸರಣಿಯಲ್ಲಿ ಒತ್ತಬೇಕು. ವರ್ಗಾಸ್‌ನನ್ನು ಮಣಿಸಲು ಎಡ, ಬಲ, ಎಡ, ಆಮೇಲೆ ಒಪ್ಪಿಗೆಯ ಗುಂಡಿ. ನಿಮ್ಮ ಹೆಬ್ಬೆರಳು ಇದನ್ನು ಗಾಜಿನ ಪರದೆಯ ಮೇಲೆ ಸಲೀಸಾಗಿ ಮಾಡುತ್ತದೆಯೆ? ಸಿಡಿಮಿಡಿ ಬಂದರೆ ಫೋನಿನ ಪ್ರತಿಯನ್ನು ಹಿಂತಿರುಗಿಸಿ ಕಂಪ್ಯೂಟರಿನದನ್ನು ಕೊಳ್ಳಿ. ಕಂಟ್ರೋಲರ್ ಇದ್ದರೆ ಇನ್ನೂ ಹಗುರ. ಮುಂದೆ ಇಡೀ ಆಟದಲ್ಲಿ ಇವನ ಸರಣಿಗಳು ಉದ್ದವಾಗುತ್ತಲೇ ಹೋಗುತ್ತವೆ.

ಇದೇ ಅವಧಿಯಲ್ಲಿ ಕಿವಿಯನ್ನೂ ಪರೀಕ್ಷಿಸಿ. ಹೊಸ ಸಂಯೋಜನೆ ಹಿಡಿಸದಿದ್ದರೆ ಸೆಟ್ಟಿಂಗಿನಲ್ಲಿ ಮೂಲ ಸಂಗೀತಕ್ಕೆ ಬದಲಿಸಬಹುದು. ಅಕ್ಷರದ ಶೈಲಿಯನ್ನೂ ಬದಲಿಸಬಹುದು. 2022ರಲ್ಲಿ ಕಂಪ್ಯೂಟರಿಗೆ ಬಂದಾಗಿನ ಸೊರಗಿದ ಅಕ್ಷರ ಕಣ್ಣಿಗೆ ಹಿಂಸೆಯೆಂದು ಆಗ ಎಲ್ಲರೂ ಗೊಣಗಿದ್ದರು. ಈ ಸೌಲಭ್ಯಗಳು ಮೊದಲು 2023ರ ಸ್ವಿಚ್, ಪ್ಲೇಸ್ಟೇಷನ್ ಆವೃತ್ತಿಗೆ, ಆಮೇಲೆ ಕಂಪ್ಯೂಟರಿಗೂ ಫೋನಿಗೂ ಬಂದವು. ಕಾಣದಿದ್ದರೆ ಆಟವನ್ನು ಅಪ್‌ಡೇಟ್ ಮಾಡಿ. ಸದ್ದಿಗಾಗಿಯೇ ಹಂಬಲಿಸುವ ಆ ಎರಡನೆಯವರಿಗೆ ಇದರಲ್ಲೇ ಸಮಾಧಾನವಾದೀತು. ಆಗದಿದ್ದರೆ ಸೂಪರ್ ನಿಂಟೆಂಡೊ ಕ್ಲಾಸಿಕ್ ಹುಡುಕಲಿ, ಬ್ಯಾಟರಿಯ ತಂಟೆಯೂ ಇಲ್ಲ.

ಹಂತ 6: ವೇಗ ಹೆಚ್ಚಿಸುವ ಆಸೆಗೆ ಕಡಿವಾಣ

ಅನುಭವದ ಅಂಕಗಳನ್ನು ನಾಲ್ಕು ಪಟ್ಟು ಮಾಡುವ, ದಾರಿಯಲ್ಲಿ ಶತ್ರುಗಳು ಎದುರಾಗದಂತೆ ಮಾಡುವ ಸೌಲಭ್ಯಗಳೂ ಸೆಟ್ಟಿಂಗಿನಲ್ಲಿವೆ. ಸಮಯವಿಲ್ಲದವರು ಮೊದಲ ದಿನವೇ ನಾಲ್ಕು ಪಟ್ಟಿಗೆ ಏರಿಸುತ್ತಾರೆ. ಇಲ್ಲೊಂದು ತೊಡಕಿದೆ. ಎಸ್ಪರ್ ತೊಟ್ಟ ಪಾತ್ರ ಮಟ್ಟ ಏರಿದಾಗಲೆಲ್ಲ ಆ ಎಸ್ಪರ್ ಶಕ್ತಿಯನ್ನೋ ಮಾಯಾಬಲವನ್ನೋ ಒಂದಿಷ್ಟು ಶಾಶ್ವತವಾಗಿ ಹೆಚ್ಚಿಸುತ್ತದೆ. ಎಸ್ಪರ್‌ಗಳು ಸಿಗುವುದು ಜೋಜೊ ಊರಿನ ಘಟನೆಯ ನಂತರ. ಅದಕ್ಕೂ ಮುನ್ನ ಏರಿದ ಮಟ್ಟಗಳಿಗೆ ಆ ಲಾಭವಿಲ್ಲ. ಆದ್ದರಿಂದ ಜೋಜೊವರೆಗೆ ಅನುಭವವನ್ನು ಒಂದು ಪಟ್ಟಿನಲ್ಲೇ ಬಿಡಿ. ಆಮೇಲೆ ಏರಿಸುವುದಾದರೆ ಮಂತ್ರ ಕಲಿಕೆಯ ಅಂಕಗಳನ್ನು ಏರಿಸಿ, ಅನುಭವವನ್ನಲ್ಲ. ಹಣದ ಪಟ್ಟನ್ನು ಎಷ್ಟಕ್ಕೆ ಬೇಕಾದರೂ ಇಡಿ, ಅದರಿಂದ ಯಾರಿಗೂ ನಷ್ಟವಿಲ್ಲ. ಶತ್ರುಗಳನ್ನು ಪೂರ್ತಿ ನಿಲ್ಲಿಸುವುದು ಹಿಂದೆ ದಾಟಿದ ದಾರಿಯಲ್ಲಿ ಮತ್ತೆ ಓಡಾಡುವಾಗ ಮಾತ್ರ.

ಹಂತ 7: ಹಳೆಯ ಮಾರ್ಗದರ್ಶಿ, ಹೊಸ ಹೆಸರು

ಕಾಲೇಜಿನ ದಿನಗಳಲ್ಲಿ ಮುದ್ರಿಸಿಟ್ಟುಕೊಂಡ ಮಾರ್ಗದರ್ಶಿಯ ಹಾಳೆಗಳು ಕೆಲವರ ಬಳಿ ಇನ್ನೂ ಇವೆ. ದಾರಿ ಬದಲಾಗಿಲ್ಲ, ಹೆಸರುಗಳು ಬದಲಾಗಿವೆ. 1994ರ ಇಂಗ್ಲಿಷಿನಲ್ಲಿ ‘ಪರ್ಲ್’ ಎಂದಿದ್ದ ಮಂತ್ರ ಈಗ ‘ಹೋಲಿ’. ‘ಫೈರ್ 2’, ‘ಫೈರ್ 3’ ಈಗ ‘ಫೈರಾ’, ‘ಫೈರಾಗಾ’. ‘ಮರ್ಟನ್’ ಎಂದಿದ್ದದ್ದು ‘ಮೆಲ್ಟ್‌ಡೌನ್’. ‘ಆತ್ಮಾ ವೆಪನ್’ ಈಗ ‘ಅಲ್ಟಿಮಾ ವೆಪನ್’. ನಾಲ್ಕು ಬಾರಿ ಹೊಡೆಯಲು ಬಿಡುವ ‘ಆಫರಿಂಗ್’ ಎಂಬ ಆಭರಣ ‘ಮಾಸ್ಟರ್ಸ್ ಸ್ಕ್ರಾಲ್’ ಆಗಿದೆ, ಮಂತ್ರದ ಖರ್ಚನ್ನು ಒಂದಕ್ಕಿಳಿಸುವ ‘ಎಕನಾಮೈಸರ್’ ‘ಸೆಲೆಸ್ಟ್ರಿಯಾಡ್’ ಆಗಿದೆ. ‘ಪಾಲಿಡಾರ್’ ಎಂಬ ಎಸ್ಪರ್ ‘ಕೆಟ್ಸಾಲಿ’. ಈ ಪಟ್ಟಿಯನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡರೆ ಹಳೆಯ ಮಾರ್ಗದರ್ಶಿ ಇನ್ನೂ ನಡೆಯುತ್ತದೆ. ವ್ಯಾನಿಷ್–ಡೂಮ್ ತಂತ್ರ ಹೇಳಿದ್ದರೆ ಆ ಸಾಲಿಗೆ ಗೀಟು ಹಾಕಿ.

ಕೊನೆಯದಾಗಿ ಉಳಿಸುವ ಕ್ರಮ. ತಾನಾಗಿ ಉಳಿಯುವುದನ್ನೇ ನಂಬಿ ಕೂರಬೇಡಿ, ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುತ್ತದೆ. ಎರಡು ಮೂರು ಜಾಗಗಳಲ್ಲಿ ಕೈಯಾರೆ ಉಳಿಸಿ. ತೇಲುವ ಖಂಡಕ್ಕೆ ಹೋಗುವ ಮುನ್ನ ಬೇರೆ ಜಾಗದಲ್ಲೊಮ್ಮೆ ಉಳಿಸಲೇಬೇಕು. ಅಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತದೆ, ಅಂಚಿಗೆ ಬಂದಾಗ ವಾಯುನೌಕೆಗೆ ಹಾರಬೇಕೋ ಕಾಯಬೇಕೋ ಎಂದು ಕೇಳುತ್ತದೆ. ಕಾಯುವುದನ್ನು ಆರಿಸಿ, ಕೊನೆಯ ಐದು ಸೆಕೆಂಡು ಉಳಿದಾಗ ನಿಮ್ಮ ಜೊತೆಗಾರ ಶ್ಯಾಡೋ ಓಡಿಬರುತ್ತಾನೆ. ಹಾರಿಬಿಟ್ಟರೆ ಅವನು ಆಟದ ಉಳಿದರ್ಧದಲ್ಲಿ ಸಿಗುವುದಿಲ್ಲ, ಯಾವ ಆವೃತ್ತಿಯಲ್ಲೂ.